ಯುನಿಫಿಕೇಶನ್: ಪ್ರೊಲಾಗ್ ಪಾಠ ಶುರುವಾಗಬೇಕಾದ ಜಾಗ

ಸಿ ಅಥವಾ ಪೈಥಾನ್ ಕಲಿತು ಬಂದ ವಿದ್ಯಾರ್ಥಿಗಳು ತರ್ಕದ ಮೇಲೆ ನಿಂತ ಪ್ರೋಗ್ರಾಮಿಂಗ್ ಭಾಷೆಯಾದ ಪ್ರೊಲಾಗ್‌ನಲ್ಲಿ ಮೊದಲು ಎಡವುವುದು ಸಮ ಚಿಹ್ನೆಯ ಹತ್ತಿರ. ‘ಎಕ್ಸ್ = 2 + 3’ ಎಂದು ಟೈಪ್ ಮಾಡಿ 5 ಬರಲಿ ಎಂದು ಕಾಯುತ್ತಾರೆ. ಪ್ರೊಲಾಗ್ ‘ಎಕ್ಸ್ = 2 + 3’ ಎಂದೇ ಉತ್ತರ ಕೊಡುತ್ತದೆ. ಸರಿ, ‘5 = 2 + 3’ ಹೌದಾ ಎಂದು ಕೇಳಿದರೆ ಅಲ್ಲ ಎನ್ನುತ್ತದೆ! ಗೊಂದಲ ಆಗುವುದು ಸಹಜ ಅಲ್ವಾ? ಈ ಸಮ ಚಿಹ್ನೆ ಲೆಕ್ಕ ಮಾಡುವುದಿಲ್ಲ. ಅದು ಮಾಡುವ ಕೆಲಸವೇ ಬೇರೆ, ಅದರ ಹೆಸರು ಯುನಿಫಿಕೇಶನ್.

ಸಂಖ್ಯೆ, ಹೆಸರು, ವೇರಿಯಬಲ್ (ತುಂಬಬೇಕಾದ ಖಾಲಿ ಜಾಗ) ಅಥವಾ ಇವುಗಳಿಂದ ಕಟ್ಟಿದ ರಚನೆಗೆ ಪ್ರೊಲಾಗ್‌ನಲ್ಲಿ ಟರ್ಮ್ ಎನ್ನುತ್ತಾರೆ. ಎರಡು ಟರ್ಮ್‌ಗಳನ್ನು ಪಕ್ಕಪಕ್ಕ ಇಡಿ. ಅವುಗಳ ವೇರಿಯಬಲ್‌ಗಳಲ್ಲಿ ಏನಾದರೂ ತುಂಬಿದರೆ ಎರಡೂ ಅಕ್ಷರಶಃ ಒಂದೇ ಆಗುತ್ತವೆಯೇ? ಆಗುವುದಾದರೆ ಏನು ತುಂಬಬೇಕು? ಇದನ್ನು ಕಂಡುಹಿಡಿಯುವುದೇ ಯುನಿಫಿಕೇಶನ್. ‘5’ ಒಂದು ಸಂಖ್ಯೆ, ‘2 + 3’ ಒಂದು ಕೂಡುವ ಚಿಹ್ನೆ ಮತ್ತು ಎರಡು ಸಂಖ್ಯೆಗಳಿರುವ ರಚನೆ. ತುಂಬಲು ವೇರಿಯಬಲ್ಲೇ ಇಲ್ಲ, ಹಾಗಾಗಿ ಅವು ಒಂದಾಗುವುದಿಲ್ಲ.

ಇನ್ನೊಂದು ಉದಾಹರಣೆ ನೋಡೋಣ. ಎಕ್ಸ್, ವೈ ಮಾತ್ರ ವೇರಿಯಬಲ್ ಎಂದುಕೊಳ್ಳಿ. ‘ತಾಯಿ(ಕುಂತಿ, ಎಕ್ಸ್)’ ಮತ್ತು ‘ತಾಯಿ(ವೈ, ಅರ್ಜುನ)’ ಒಂದಾಗುತ್ತವೆಯೇ? ಹೊರಗಿನ ಹೆಸರು ಒಂದೇ, ಒಳಗಿನ ಜಾಗಗಳೂ ಎರಡೆರಡು. ವೈ ಜಾಗಕ್ಕೆ ಕುಂತಿ, ಎಕ್ಸ್ ಜಾಗಕ್ಕೆ ಅರ್ಜುನ ಬಂದರೆ ಆಯಿತು. ಮಾಹಿತಿ ಎಡದಿಂದ ಬಲಕ್ಕೂ ಹರಿಯಿತು, ಬಲದಿಂದ ಎಡಕ್ಕೂ ಹರಿಯಿತು. ಇದನ್ನು ವಿದ್ಯಾರ್ಥಿಗಳು ಕೈಯಲ್ಲೇ ಬರೆದು ನೋಡಬೇಕು. ಆಮೇಲೆ ‘ಜೋಡಿ(ಎಕ್ಸ್, ಎಕ್ಸ್)’ ಮತ್ತು ‘ಜೋಡಿ(1, 2)’ ಕೊಡಿ. ಮೊದಲ ಜಾಗದಲ್ಲಿ ಎಕ್ಸ್ 1 ಆಗಿಬಿಟ್ಟಿದೆ, ಎರಡನೇ ಜಾಗದಲ್ಲಿ ಅದು 2 ಆಗಲಾರದು. ಒಮ್ಮೆ ತುಂಬಿದ ವೇರಿಯಬಲ್ ಖಾಲಿಯಾಗುವುದು ಪ್ರೊಲಾಗ್ ಆ ದಾರಿ ಬಿಟ್ಟು ಹಿಂದಕ್ಕೆ ಬಂದಾಗ, ಅಂದರೆ ಬ್ಯಾಕ್‌ಟ್ರ್ಯಾಕ್ ಮಾಡಿದಾಗ ಮಾತ್ರ.

ಇನ್ನೊಂದು ಸೂಕ್ಷ್ಮ ಇದೆ. ‘ಎಕ್ಸ್ = ವೈ’ ಎಂದರೆ ಎರಡಕ್ಕೂ 7 ತುಂಬಿದರೂ ನಡೆಯುತ್ತದೆ, 100 ತುಂಬಿದರೂ ನಡೆಯುತ್ತದೆ. ಯುನಿಫಿಕೇಶನ್ ಸುಮ್ನೆ ‘ಇವೆರಡೂ ಒಂದೇ’ ಎಂದಷ್ಟೇ ಗುರುತಿಟ್ಟುಕೊಳ್ಳುತ್ತದೆ. ಬೇಕಾದಷ್ಟು ಮಾತ್ರ ತುಂಬುತ್ತದೆ, ಉಳಿದದ್ದನ್ನು ಮುಂದಿನ ಹೆಜ್ಜೆಗಳಿಗೆ ಬಿಡುತ್ತದೆ. ನನ್ನ ಮಟ್ಟಿಗೆ ಈ ವಿಷಯದ ಅತ್ಯಂತ ಚೆಂದದ ಭಾಗ ಇದೇ.

1965ರಲ್ಲಿ ಜೆ. ಎ. ರಾಬಿನ್ಸನ್ ರೆಸಲ್ಯೂಶನ್ ಎಂಬ ತರ್ಕದ ವಿಧಾನದ ಜೊತೆಗೆ ಯುನಿಫಿಕೇಶನ್‌ನ ಅಲ್ಗಾರಿದಮ್ ಕೊಟ್ಟರು. ರಾಬರ್ಟ್ ಕೊವಾಲ್ಸ್ಕಿ ತರ್ಕದ ವಾಕ್ಯಗಳನ್ನೇ ಪ್ರೋಗ್ರಾಮ್ ಆಗಿ ಓದುವ ದಾರಿ ತೋರಿಸಿದರು. ಫ್ರಾನ್ಸ್‌ನ ಮಾರ್ಸೆಯಲ್ಲಿ ಅಲೆನ್ ಕೋಲ್ಮೆರೋ ಮತ್ತು ಫಿಲಿಪ್ ರೂಸೆಲ್ 1972ರ ಸುಮಾರಿಗೆ ಪ್ರೊಲಾಗ್ ಕಟ್ಟಿದರು.

ಯುನಿಫಿಕೇಶನ್‌ನ ಶಕ್ತಿ ಗೊತ್ತಾಗಬೇಕಾದರೆ ಎರಡು ಲಿಸ್ಟ್ ಸೇರಿಸುವ ಪ್ರೋಗ್ರಾಮ್ ಬರೆಯಿಸಿ. ನಿಯಮ ಎರಡೇ. ಖಾಲಿ ಲಿಸ್ಟ್‌ಗೆ ಯಾವ ಲಿಸ್ಟ್ ಸೇರಿಸಿದರೂ ಅದೇ ಲಿಸ್ಟ್. ಇಲ್ಲದಿದ್ದರೆ ಮೊದಲ ಲಿಸ್ಟ್‌ನ ತಲೆಯೇ (ಮೊದಲ ಅಂಶವೇ) ಉತ್ತರದ ತಲೆ. ಅದರ ಬಾಲಕ್ಕೆ (ತಲೆ ಬಿಟ್ಟು ಉಳಿದ ಲಿಸ್ಟ್‌ಗೆ) ಎರಡನೇ ಲಿಸ್ಟ್ ಸೇರಿಸಿದರೆ ಉತ್ತರದ ಬಾಲ. [1] ಮತ್ತು [2, 3] ಕೊಟ್ಟರೆ [1, 2, 3] ಸಿಗುತ್ತದೆ. ಈಗ ತಿರುಗಿಸಿ ಕೇಳಿ: ಯಾವ ಎರಡು ಲಿಸ್ಟ್ ಸೇರಿದರೆ [1, 2, 3] ಆಗುತ್ತದೆ? ಒಂದು ಅಕ್ಷರವನ್ನೂ ಬದಲಾಯಿಸದೆ ಅದೇ ಪ್ರೋಗ್ರಾಮ್ ನಾಲ್ಕೂ ಉತ್ತರ ಒಂದೊಂದಾಗಿ ಕೊಡುತ್ತದೆ. ಇನ್‌ಪುಟ್, ಔಟ್‌ಪುಟ್ ಎಂಬ ಗೆರೆಯನ್ನು ಪ್ರೋಗ್ರಾಮ್ ಎಳೆದೇ ಇರಲಿಲ್ಲ.

‘ಎಕ್ಸ್ = ಎಫ್(ಎಕ್ಸ್)’ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. ತನ್ನೊಳಗೆ ತಾನೇ ಇರುವ ಟರ್ಮ್‌ಗೆ ಕೊನೆಯೇ ಇಲ್ಲ, ಆದ್ದರಿಂದ ತರ್ಕದ ಪ್ರಕಾರ ಇದು ಒಂದಾಗಬಾರದು. ಇದನ್ನು ತಡೆಯುವ ಪರೀಕ್ಷೆಗೆ ಅಕರ್ಸ್ ಚೆಕ್ ಎನ್ನುತ್ತಾರೆ. ವೇಗಕ್ಕಾಗಿ ಹೆಚ್ಚಿನ ಪ್ರೊಲಾಗ್‌ಗಳು ಅದನ್ನು ತಾವಾಗಿ ಮಾಡುವುದಿಲ್ಲ. ಬೇಕಾದವರಿಗೆ 1995ರ ಐಎಸ್‌ಒ ಮಾನದಂಡದಲ್ಲಿ ಈ ಪರೀಕ್ಷೆ ಮಾಡಿಯೇ ಒಂದಾಗಿಸುವ ಪ್ರತ್ಯೇಕ ಪ್ರೆಡಿಕೇಟ್ (ಹೌದು-ಅಲ್ಲ ಎಂದು ಕೇಳಬಹುದಾದ ಸಿದ್ಧ ಸಂಬಂಧ) ಇದೆ.

ಕಲಿಸುವವರಿಗೆ ಒಂದು ಮಾತು: ಲೆಕ್ಕ ಮಾಡುವ ‘ಈಸ್’ ಅನ್ನು ಮೊದಲ ಕೆಲವು ತರಗತಿಗಳಲ್ಲಿ ತರಲೇಬೇಡಿ. ಅದು ಬಂದ ಕೂಡಲೇ ಹಳೆಯ ಭಾಷೆಗಳ ಅಭ್ಯಾಸ ಮರಳುತ್ತದೆ. ಟರ್ಮ್‌ಗಳನ್ನು ಮರದ ಚಿತ್ರವಾಗಿ ಬರೆಸಿ, ಕೊಂಬೆಗೆ ಕೊಂಬೆ ಹೊಂದಿಸಿ ನೋಡಿಸಿ. ಇಲ್ಲಿ ಹಾಕಿದ ಶ್ರಮ ಪ್ರೊಲಾಗ್‌ಗೆ ಮುಗಿಯುವುದಿಲ್ಲ. ಹ್ಯಾಸ್ಕೆಲ್, ಓಕ್ಯಾಮಲ್ ಭಾಷೆಗಳ ಕಂಪೈಲರ್‌ಗಳು ನಾವು ಬರೆಯದ ಟೈಪ್‌ಗಳನ್ನು (ಸಂಖ್ಯೆಯೋ, ಪಠ್ಯವೋ ಎಂಬಂಥ ಬಗೆಗಳನ್ನು) ಕಂಡುಹಿಡಿಯುವುದೂ ಯುನಿಫಿಕೇಶನ್‌ನಿಂದಲೇ.