ಗುಲಗಂಜಿಯ ವಿಷಕ್ಕೆ ಪ್ರತಿವಿಷ ಸೀರಮ್ ಏಕಿಲ್ಲ?

ಓದುಗರ ಪ್ರಶ್ನೆ: ಹಾವು ಕಚ್ಚಿದರೆ ಪ್ರತಿವಿಷದ ಚುಚ್ಚುಮದ್ದು ಕೊಡುತ್ತಾರೆ. ಮಗುವೊಂದು ಗುಲಗಂಜಿಯನ್ನೋ ಹರಳುಬೀಜವನ್ನೋ ಅಗಿದು ನುಂಗಿದರೆ ಅಂಥದೇ ಔಷಧ ಸಿಗುತ್ತದೆಯೇ?

ನಮ್ಮ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ. ಆದರೆ ಅಂಥ ಸೀರಮ್ಮನ್ನು, ಎಂದರೆ ಪ್ರತಿವಿಷವಿರುವ ರಕ್ತದ ತಿಳಿದ್ರವವನ್ನು, ತಯಾರಿಸಲು ಬಾರದು ಎಂಬುದು ಇದಕ್ಕೆ ಕಾರಣವಲ್ಲ. ಪ್ರಾಣಿಗಳಲ್ಲಿ ಅದು ಸಾಧ್ಯವೆಂದು ತಿಳಿದು ನೂರಮೂವತ್ತು ವರ್ಷಗಳೇ ಕಳೆದಿವೆ.

1884ರಲ್ಲಿ ಕಲ್ಕತ್ತೆಯ ಸಂಶೋಧಕರಾದ ವಾರ್ಡನ್ ಮತ್ತು ವಾಡೆಲ್ ಅವರು ಗುಲಗಂಜಿಯ ವಿಷ ಯಾವುದೋ ಸೂಕ್ಷ್ಮಾಣುವಿನದಲ್ಲ, ಬೀಜದೊಳಗಿನ ಪ್ರೋಟೀನಿನದೇ ಎಂದು ತೋರಿಸಿದರು. 1888ರಲ್ಲಿ ಇಂದಿನ ಎಸ್ಟೋನಿಯಾದ ತಾರ್ತುವಿನಲ್ಲಿ ಸ್ಟಿಲ್‌ಮಾರ್ಕ್ ಹರಳುಬೀಜದಿಂದ ರೈಸಿನ್ ವಿಷವನ್ನು ಬೇರ್ಪಡಿಸಿದರು. 1891ರಲ್ಲಿ ಬರ್ಲಿನ್ನಿನ ಪಾಲ್ ಎರ್ಲಿಕ್ ಈ ಎರಡೂ ವಿಷಗಳನ್ನು ಕೈಗೆತ್ತಿಕೊಂಡರು. ರೈಸಿನ್ ಬೆರೆಸಿದ ಬಿಸ್ಕತ್ತಿನ ಚೂರುಗಳನ್ನು ಇಲಿಗಳಿಗೆ ತಿನ್ನಿಸುತ್ತ, ವಿಷದ ಪ್ರಮಾಣವನ್ನು ದಿನದಿಂದ ದಿನಕ್ಕೆ ಏರಿಸಿದಾಗ, ಬೇರೆ ಇಲಿಗಳನ್ನು ಕೊಲ್ಲುವ ಪ್ರಮಾಣದ ಎಷ್ಟೋ ಪಟ್ಟು ವಿಷವನ್ನೂ ಅವು ತಾಳಿಕೊಂಡವು. ಅವುಗಳ ರಕ್ತದ ಸೀರಮ್ಮಿಗೆ ರೈಸಿನ್ನನ್ನು ನಿಷ್ಕ್ರಿಯಗೊಳಿಸುವ ಶಕ್ತಿ ಬಂದಿತ್ತು. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಶೋಧನೆ ಇನ್ನೊಂದಿದೆ: ರೈಸಿನ್ನಿಗೆ ಒಗ್ಗಿದ ಇಲಿ ಗುಲಗಂಜಿಯ ವಿಷವಾದ ಏಬ್ರಿನ್ ಕೊಟ್ಟರೆ ಸಾಯುತ್ತಿತ್ತು. ಒಂದೊಂದು ವಿಷಕ್ಕೂ ಅದರದೇ ಪ್ರತಿವಿಷ ಬೇಕೆಂಬುದು ಇಷ್ಟು ನಿಚ್ಚಳವಾಗಿ ಕಂಡದ್ದು ಈ ಬೀಜಗಳಿಂದ. ಮರುವರ್ಷ ಅವರು ತಾಯಿ ಇಲಿಯ ಹಾಲಿನ ಮೂಲಕ ಈ ರಕ್ಷಣೆ ಮರಿಗಳಿಗೂ ದಾಟುವುದನ್ನು ತೋರಿಸಿದರು.

ಹಾಗಿದ್ದೂ ಆಸ್ಪತ್ರೆಯಲ್ಲಿ ಸೀರಮ್ ಏಕಿಲ್ಲ? ರೈಸಿನ್ನಿಗೂ ಏಬ್ರಿನ್ನಿಗೂ ಎರಡೆರಡು ಪ್ರೋಟೀನ್ ಸರಪಳಿಗಳಿವೆ. ಒಂದು ಸರಪಳಿ ಜೀವಕೋಶದ ಹೊರಮೈಗೆ ಅಂಟಿಕೊಂಡು ಇನ್ನೊಂದಕ್ಕೆ ಒಳದಾರಿ ಮಾಡಿಕೊಡುತ್ತದೆ. ಒಳಹೊಕ್ಕದ್ದು ಪ್ರೋಟೀನು ತಯಾರಿಸುವ ರೈಬೋಸೋಮುಗಳನ್ನು ಒಂದೊಂದಾಗಿ ಕೆಡಿಸುತ್ತ ಹೋಗುತ್ತದೆ. ಸೀರಮ್ಮಿನಲ್ಲಿ ವಿಷವನ್ನು ಹಿಡಿದು ನಿಷ್ಕ್ರಿಯಗೊಳಿಸುವ ಪ್ರೋಟೀನಾದ ಪ್ರತಿಕಾಯ ಇರುವುದು ರಕ್ತದಲ್ಲಿ; ಅದಕ್ಕೆ ಜೀವಕೋಶದೊಳಗೆ ಪ್ರವೇಶವಿಲ್ಲ. ಆದ್ದರಿಂದ ಸೀರಮ್ಮನ್ನು ವಿಷ ಒಳಸೇರುವ ಮುನ್ನವೋ, ಸೇರಿದ ಕೆಲವೇ ಗಂಟೆಗಳೊಳಗೋ ಕೊಡಬೇಕು. ವಾಂತಿ, ಭೇದಿ ಕಾಣಿಸಿಕೊಳ್ಳುವುದಕ್ಕೇ ಎಷ್ಟೋ ಬಾರಿ ಹಲವು ಗಂಟೆ ಹಿಡಿಯುತ್ತದೆ. ಇಂಥ ಪ್ರಕರಣಗಳು ವಿರಳವಾದ್ದರಿಂದ ಔಷಧವನ್ನು ಮನುಷ್ಯರಲ್ಲಿ ಪರೀಕ್ಷಿಸುವುದೂ ಕಷ್ಟ. ಸದ್ಯ ವೈದ್ಯರು ದೇಹದ ನೀರು ಮತ್ತು ಲವಣಗಳ ನಷ್ಟವನ್ನು ತುಂಬಿ, ಅಂಗಾಂಗಗಳಿಗೆ ಆಸರೆ ಕೊಟ್ಟು ಕಾಯುತ್ತಾರೆ. ಹಾಗಾಗಿ ಮಗು ಬೀಜ ನುಂಗಿದ್ದು ತಿಳಿದೊಡನೆ, ಲಕ್ಷಣಗಳಿಗಾಗಿ ಕಾಯದೆ, ಆಸ್ಪತ್ರೆಗೆ ಕರೆದೊಯ್ಯಬೇಕು.

ಅಕ್ಕಸಾಲಿಗರು ತೂಕಕ್ಕೆ ಬಳಸುತ್ತಿದ್ದ, ಕರಿಯ ಚುಕ್ಕೆಯ ಆ ಕೆಂಪು ಬೀಜದ ಸಿಪ್ಪೆ ಬಹಳ ಗಟ್ಟಿ. ಅಗಿಯದೆ ಇಡಿಯಾಗಿ ನುಂಗಿದರೆ ಅದು ಹಾಗೆಯೇ ಹೊರಬೀಳುವುದುಂಟು. ಸರಕ್ಕೆ ಪೋಣಿಸಲು ತೂತು ಕೊರೆದ ಗುಲಗಂಜಿಗೆ ಆ ರಕ್ಷಣೆ ಇರುವುದಿಲ್ಲ.