ಪಟ್ಟೆ ಅಡ್ಡಕ್ಕಿದೆಯೋ, ಉದ್ದಕ್ಕಿದೆಯೋ?

ಗಾಢ ನೀಲಿಯ ಟೀ-ಶರ್ಟ್ ಬಟ್ಟೆಯನ್ನು ತಪಾಸಣೆ ಮೇಜಿನ ಮೇಲೆ ಎಳೆದಾಗ ಅಡ್ಡಕ್ಕೆ ಮಸುಕು ಪಟ್ಟೆಗಳು ಕಂಡವೆಂದರೆ, ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಿಂದ ಮೊದಲ ಫೋನು ಹೋಗುವುದು ತಿರುಪ್ಪೂರಿನ ಡೈಯಿಂಗ್‌ನವರಿಗೆ. ಬಹಳ ಸಲ ಬೈಸಿಕೊಳ್ಳುವವರು ಅವರು, ತಪ್ಪು ಮಾತ್ರ ಅವರದಲ್ಲ. ಹೆಣೆಯುವಾಗಲೇ ಬಟ್ಟೆಯೊಳಗೆ ಸೇರಿಕೊಂಡಿದ್ದ ದೋಷವನ್ನು ಬಣ್ಣ ಎತ್ತಿ ತೋರಿಸಿರುತ್ತದೆ, ಅಷ್ಟೆ.

ಯಂತ್ರದ ಲೆಕ್ಕ ಗೊತ್ತಿದ್ದರೆ ಇದು ಬೇಗ ಅರ್ಥವಾಗುತ್ತದೆ. 30 ಇಂಚು ವ್ಯಾಸದ, 24 ಗೇಜಿನ (ಅಂದರೆ ಇಂಚಿಗೆ 24 ಸೂಜಿಯ) ಸರ್ಕ್ಯುಲರ್ ನಿಟ್ಟಿಂಗ್ ಯಂತ್ರದಲ್ಲಿ ಸುಮಾರು 2,260 ಸೂಜಿಗಳಿರುತ್ತವೆ. ಸುತ್ತಲೂ ಸೂಜಿಗಳಿಗೆ ನೂಲು ಉಣಿಸುವ 90 ಫೀಡರ್ ಇದೆ ಎಂದುಕೊಳ್ಳಿ, ಒಂದೊಂದಕ್ಕೂ ಒಂದು ಕೋನ್ ನೂಲು. ಯಂತ್ರ ಒಂದು ಸುತ್ತು ತಿರುಗಿದರೆ 90 ಸಾಲು ಬಟ್ಟೆ ಇಳಿಯುತ್ತದೆ. ಉದ್ದದ ಪ್ರತಿ ಗೆರೆ ಒಂದು ಸೂಜಿಯದು, ಅಡ್ಡದ ಪ್ರತಿ ಸಾಲು ಒಂದು ಫೀಡರಿನದು.

ಅಡ್ಡಪಟ್ಟೆಗೆ ನಾವು ಬಾರೆ ಅನ್ನುತ್ತೇವೆ. ಅದು ಕಂಡಾಗ ಮೊದಲು ಸ್ಕೇಲ್ ಇಟ್ಟು ಅಳೆಯಿರಿ. ಇಂಚಿಗೆ 45 ಸಾಲಿರುವ ಬಟ್ಟೆಯಲ್ಲಿ ಪಟ್ಟೆ ಸರಿಯಾಗಿ ಎರಡೆರಡು ಇಂಚಿಗೆ ಮರಳಿ ಬರುತ್ತಿದ್ದರೆ, 90ರಲ್ಲಿ ಯಾವುದೋ ಒಂದು ಫೀಡರಿನಲ್ಲೇ ತೊಂದರೆ ಇದೆ. ಆ ಸಾಲಿನಿಂದ ನೂರು ಕುಣಿಕೆಯಷ್ಟು ನೂಲು ಬಿಚ್ಚಿ, ಪಕ್ಕದ ಸಾಲಿನಿಂದಲೂ ಅಷ್ಟೇ ಬಿಚ್ಚಿ ಹೋಲಿಸಿ. ಒಂದು 28 ಸೆಂ.ಮೀ., ಇನ್ನೊಂದು 26.5 ಬಂದರೆ ಆ ಫೀಡರಿನ ನೂಲಿನ ಬಿಗಿತ ಅಥವಾ ಸೂಜಿಯನ್ನು ಏರಿಳಿಸುವ ಕ್ಯಾಮ್‌ನ ಸೆಟ್ಟಿಂಗ್ ತಪ್ಪಿದೆ. ಉದ್ದ ಒಂದೇ ಇದ್ದರೆ ನೂಲಿನ ಮೇಲೆ ಸಂಶಯ ಪಡಬೇಕು. ಚೀಟಿಯ ಮೇಲೆ ಎರಡೂ 30ರ ಕೌಂಟ್ (ನೂಲಿನ ದಪ್ಪದ ಅಳತೆ) ಎಂದೇ ಇರಬಹುದು, ಆದರೆ ಲಾಟ್, ಅಂದರೆ ಒಟ್ಟಿಗೆ ನೂತ ಕಂತು, ಬೇರೆಯಾದರೆ ಹತ್ತಿಯ ಎಳೆಯ ಬಲಿತನ ಬೇರೆ, ಅದು ಬಣ್ಣ ಹೀರುವ ಪರಿಯೂ ಬೇರೆ. ಗ್ರೇ ಬಟ್ಟೆಯನ್ನು, ಅಂದರೆ ಇನ್ನೂ ಬಣ್ಣ ಹಾಕದ ಬಟ್ಟೆಯನ್ನು, ಯುವಿ ದೀಪದ ಕೆಳಗೆ ಹಿಡಿದರೆ ಬೆರೆತ ಲಾಟ್ ಎಷ್ಟೋ ಸಲ ಅಲ್ಲೇ ಕಂಡುಬಿಡುತ್ತದೆ.

ಒಮ್ಮೆ ನನ್ನ ಮುಂದೆ ಬಂದ ಬಟ್ಟೆಗೆ ಅದಾಗಲೇ ಎರಡು ಸಲ ಮರುಬಣ್ಣ ಹಾಕಿಸಿದ್ದರು. ಬಟ್ಟೆ ಸೊರಗಿತ್ತು, ಪಟ್ಟೆ ಹಾಗೇ ಇತ್ತು. ಬಿಚ್ಚಿ ನೋಡಿದರೆ ಎರಡು ಲಾಟಿನ ನೂಲು. ಹಳೆಯ ಕೋನುಗಳನ್ನು ಖಾಲಿ ಮಾಡಲು ಯಾರೋ ಕ್ರೀಲಿಗೆ (ಯಂತ್ರಕ್ಕೆ ನೂಲು ಕೊಡುವ ಕೋನುಗಳ ಸ್ಟ್ಯಾಂಡಿಗೆ) ಏರಿಸಿದ್ದರು. ಅಷ್ಟು ನೀರು, ಉಪ್ಪು, ಉಗಿ ದಂಡವಾಯಿತಲ್ಲ ಎಂದು ನನಗೆ ಇಂದಿಗೂ ಸಂಕಟ.

ಉದ್ದಗೆರೆ ಇಷ್ಟು ಸತಾಯಿಸುವುದಿಲ್ಲ. ರೋಲಿನುದ್ದಕ್ಕೂ ಒಂದೇ ಜಾಗದಲ್ಲಿ ಗೆರೆ ಇಳಿದಿದ್ದರೆ ಒಂದು ಸೂಜಿ ಬಾಗಿದೆ ಅಥವಾ ಸವೆದಿದೆ. ಸವೆದ ಸೂಜಿಗಳ ನಡುವೆ ಒಂದೇ ಒಂದು ಹೊಸ ಸೂಜಿ ಹಾಕಿದರೂ ಗೆರೆ ಮೂಡುವುದುಂಟು. ಗೆರೆ ಏಣಿಯಂತೆ ಬಿಚ್ಚಿಕೊಂಡಿದ್ದರೆ ಸೂಜಿಯ ಕೊಕ್ಕೆ ಮುರಿದಿರಬಹುದು. ಕಪ್ಪಗಿದ್ದರೆ ಎಣ್ಣೆ.

ತೂತು ಕಂಡರೆ ಅದರ ಅಂಚಿನಲ್ಲಿ ಗಂಟು ಇದೆಯೇ ನೋಡಿ. ಇದ್ದರೆ ನೂಲಿನ ದೋಷ. ಇಲ್ಲದಿದ್ದರೆ ನೂಲಿನ ಬಿಗಿತ ಪರೀಕ್ಷಿಸಿ.

ಮೇಜಿನ ಮೇಲೆ ಕಾಣದ ದೋಷವೂ ಒಂದಿದೆ. ಟೀ-ಶರ್ಟ್ ಎರಡು ಸಲ ತೊಳೆಯುವಷ್ಟರಲ್ಲಿ ಪಕ್ಕದ ಹೊಲಿಗೆ ಹೊಟ್ಟೆಯ ಕಡೆಗೆ ತಿರುಗುತ್ತದಲ್ಲ, ಅದೇ. ನೂಲಿನ ಹುರಿಯಲ್ಲಿ ಉಳಿದ ಬಲ ನೀರು ತಾಗಿದೊಡನೆ ಕುಣಿಕೆಗಳನ್ನು ಓರೆ ಮಾಡುತ್ತದೆ. ಫೀಡರ್ ಹೆಚ್ಚಿದಷ್ಟೂ ಸಾಲುಗಳೂ ಓರೆಯಾಗಿ ಏರುತ್ತವೆ. ಇದನ್ನು ಹಿಡಿಯಲು ಕಟಿಂಗ್‌ಗೆ ಮುನ್ನ ಪ್ರತಿ ಲಾಟಿನಿಂದ ಒಂದು ತುಂಡಿನ ಮೇಲೆ ಚೌಕ ಗುರುತು ಹಾಕಿ, ತೊಳೆದು ಒಣಗಿಸಿ, ಚೌಕ ಎಷ್ಟು ವಾಲಿದೆ ಎಂದು ಅಳೆಯಿರಿ.