ಬೆಟ್ಟಕ್ಕೆ ಟಾರ್ಪಾಲು ಹೊದಿಸುವ ಊರಿನಲ್ಲಿ ಹೆದ್ದಾರಿ

ಮಳೆಗಾಲದ ಹೊಸ್ತಿಲಲ್ಲಿ ಮಡಿಕೇರಿಯ ಆಸುಪಾಸಿನ ರಸ್ತೆಗಳಲ್ಲಿ ಓಡಾಡಿದರೆ ಕೆಲವು ತಿರುವುಗಳಲ್ಲಿ ಬೆಟ್ಟಕ್ಕೆ ಟಾರ್ಪಾಲು ಹೊದಿಸಿರುವುದು ಕಾಣುತ್ತದೆ. ಅಂಚಿಗೆ ಮರಳಿನ ಮೂಟೆ ಹೇರಿ, ಗಾಳಿಗೆ ಹಾರದಂತೆ ಹಗ್ಗ ಬಿಗಿದಿರುತ್ತಾರೆ. ಹುಲ್ಲಿನ ಬಣವೆಗೆ ಹೊದಿಸಿದ ಹಾಗೆ ಬೆಟ್ಟಕ್ಕೂ ಹೊದಿಸುತ್ತಾರೆಯೇ ಎಂದು ಪ್ರವಾಸಿಗರು ನಗುವುದುಂಟು. ತಾತ್ಕಾಲಿಕ ಉಪಾಯ, ನಿಜ. ಆದರೆ ಅದರ ಹಿಂದಿನ ವಿಜ್ಞಾನದಲ್ಲಿ ತಪ್ಪೇನೂ ಇಲ್ಲ.

ರಸ್ತೆಗಾಗಿ ಬೆಟ್ಟ ಕಡಿದಾಗ ಪಕ್ಕದಲ್ಲಿ ನೆಟ್ಟಗೆ ಉಳಿಯುವ ಮಣ್ಣಿನ ಗೋಡೆಯನ್ನು ನಾವು ಬರೆ ಎನ್ನುತ್ತೇವೆ. ಆಷಾಢ ಬಂತೆಂದರೆ ಸ್ಥಳೀಯ ಪತ್ರಿಕೆಗಳಲ್ಲಿ ‘ಬರೆ ಕುಸಿತ’ ದಿನನಿತ್ಯದ ಸುದ್ದಿ. ನೀರು ಸೇರಿ ಮಣ್ಣು ಜಾರುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಏಕೆ ಜಾರುತ್ತದೆ ಎನ್ನುವಲ್ಲಿ ಮಾತ್ರ ಹೆಚ್ಚಿನವರ ಊಹೆ ತಪ್ಪು. ನೀರು ಎಣ್ಣೆಯಂತೆ ಮಣ್ಣನ್ನು ನುಣುಪಾಗಿಸುತ್ತದೆ ಎಂದುಕೊಳ್ಳುತ್ತೇವೆ. ನಡೆಯುವುದು ಬೇರೆ.

ಕಣದಲ್ಲಿ ಹತ್ತು ಕಾಫಿ ಮೂಟೆಗಳನ್ನು ಒಂದರ ಮೇಲೊಂದು ಪೇರಿಸಿದ್ದೀರಿ ಎನ್ನಿ. ತಳದ ಮೂಟೆಯನ್ನು ಎಳೆದು ನೋಡಿ, ಮಿಸುಕುವುದಿಲ್ಲ. ಮೇಲಿನ ಭಾರ ಅದನ್ನು ಅದುಮಿ ಹಿಡಿದಿದೆ. ಈಗ ಇಬ್ಬರು ಆಳುಗಳು ಮೇಲಿನ ಮೂಟೆಗಳಿಗೆ ಹೆಗಲು ಕೊಟ್ಟು ತುಸುವೇ ಎತ್ತಿ ಹಿಡಿಯಲಿ, ತಳದ ಮೂಟೆ ಒಂದೇ ಕೈಯಲ್ಲಿ ಬರುತ್ತದೆ. ಮಣ್ಣಿನ ಕಣಗಳೂ ಹೀಗೆಯೇ ಮೇಲಿನ ತೂಕದಿಂದ ಒಂದನ್ನೊಂದು ಹಿಡಿದು ನಿಂತಿರುತ್ತವೆ. ಸಂದುಗಳಲ್ಲೆಲ್ಲ ನೀರು ತುಂಬಿ ಒತ್ತಡ ಏರಿದಾಗ, ಆ ಆಳುಗಳು ಮಾಡಿದ ಕೆಲಸವನ್ನು ನೀರು ಮಾಡುತ್ತದೆ. ತೂಕದ ಒಂದು ಪಾಲನ್ನು ತಾನು ಹೊತ್ತುಕೊಂಡು ಕಣಗಳ ಹಿಡಿತವನ್ನು ಸಡಿಲಿಸುತ್ತದೆ. 1920ರ ದಶಕದಲ್ಲಿ ಆಸ್ಟ್ರಿಯಾದ ಎಂಜಿನಿಯರ್ ಕಾರ್ಲ್ ಟೆರ್ಜಾಗಿ ಈ ತತ್ತ್ವವನ್ನು ಲೆಕ್ಕಕ್ಕೆ ಇಳಿಸಿದ. ಇಂದಿನ ಮಣ್ಣಿನ ಎಂಜಿನಿಯರಿಂಗ್ ನಿಂತಿರುವುದೇ ಅದರ ಮೇಲೆ. ಟಾರ್ಪಾಲಿನ ಕೆಲಸ ಇಷ್ಟೇ: ಆ ಆಳುಗಳನ್ನು ಒಳಗೆ ಬಿಡದಿರುವುದು.

ಕೊಡಗಿನ ಬೆಟ್ಟಗಳಲ್ಲಿ ಇನ್ನೊಂದು ತೊಡಕಿದೆ. ಎಷ್ಟೋ ಕಡೆ ಮೇಲೆ ದಪ್ಪನೆಯ ಕೆಂಪು ಮಣ್ಣು, ಅಂದರೆ ಕಾಲಾಂತರದಲ್ಲಿ ಶಿಥಿಲಗೊಂಡ ಶಿಲೆ. ಅದರ ಕೆಳಗೆ ಗಟ್ಟಿ ಬಂಡೆ. ಇಂಗಿದ ನೀರು ಬಂಡೆಯವರೆಗೆ ಇಳಿದು ಅಲ್ಲಿ ಅಡ್ಡಕ್ಕೆ ಹರಿಯುತ್ತದೆ. ಇಂಥ ಇಳಿಜಾರಿನ ಬುಡ ಕಡಿದು ರಸ್ತೆ ಮಾಡಿದರೆ ಬೆಟ್ಟಕ್ಕೆ ಆನಿಕೆಯಾಗಿದ್ದ ಮಣ್ಣನ್ನೇ ತೆಗೆದಂತೆ. 2018ರ ಆಗಸ್ಟಿನಲ್ಲಿ ಮದೆನಾಡು, ಜೋಡುಪಾಲದ ಬಳಿ ರಾಷ್ಟ್ರೀಯ ಹೆದ್ದಾರಿ 275 ಕಡಿದುಹೋಗಿ, ಮಂಗಳೂರಿನ ಕಡೆಯ ಸಂಚಾರವೇ ನಿಂತದ್ದು ನಮಗೆ ನೆನಪಿದೆ. ಆ ವರ್ಷದ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ವಿಪರೀತ ಮಳೆಯ ಜೊತೆಗೆ, ರಸ್ತೆಗೂ ಮನೆಗೂ ಇಳಿಜಾರನ್ನು ಮನಬಂದಂತೆ ಕಡಿದದ್ದರತ್ತ, ನೀರು ಹೋಗಲು ದಾರಿ ಬಿಡದ್ದರತ್ತ ಬೊಟ್ಟು ಮಾಡಿತು.

ಇಷ್ಟೆಲ್ಲ ಹೇಳಲು ಕಾರಣ, ಹೊಸ ರಸ್ತೆಯ ಯೋಜನೆ ಎಂದಾಗ ಮೊದಲು ಎಣಿಸುವುದು ವಾಹನಗಳನ್ನು. ರಸ್ತೆ ಬದಿಯಲ್ಲಿ ಕುಳಿತು ಎಣಿಸಿ, ಎಲ್ಲವನ್ನೂ ಕಾರಿನ ಅಳತೆಗೆ ತರುತ್ತಾರೆ: ಬೈಕು ಅರ್ಧ ಕಾರು, ಬಸ್ಸು ಅಥವಾ ಲಾರಿ ಮೂರು ಕಾರು. ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸೂಚಿಯಂತೆ ಬಯಲುಸೀಮೆಯ ನೇರ ದ್ವಿಪಥ ರಸ್ತೆ ದಿನಕ್ಕೆ ಇಂಥ 15,000 ಕಾರುಗಳನ್ನು ತಾಳಿಕೊಳ್ಳಬಲ್ಲದು. ತಿರುವು ಹೆಚ್ಚಿರುವ ಬೆಟ್ಟದಲ್ಲಿ ಅದೇ ದ್ವಿಪಥಕ್ಕೆ 5,000. ಮೂರನೇ ಒಂದು ಪಾಲು!

ಮೈಸೂರು–ಕುಶಾಲನಗರ ಚತುಷ್ಪಥ ಹೆದ್ದಾರಿಗೆ 2023ರ ಮಾರ್ಚಿನಲ್ಲಿ ಶಂಕುಸ್ಥಾಪನೆಯಾಯಿತು. 92 ಕಿಲೋಮೀಟರ್, ಸುಮಾರು 4,130 ಕೋಟಿ ರೂಪಾಯಿ. ಬೆಂಗಳೂರಿನಿಂದ ಕುಶಾಲನಗರಕ್ಕೆ ಐದು ಗಂಟೆಯ ಪ್ರಯಾಣ ಎರಡೂವರೆಗೆ ಇಳಿಯುತ್ತದೆ ಎಂದು ಆಗ ಹೇಳಿದ್ದರು. ಕಾಫಿ ಲಾರಿಗೆ, ಆಂಬುಲೆನ್ಸಿಗೆ ಇದು ವರದಾನವೇ, ಅಲ್ಲಗಳೆಯುವುದಿಲ್ಲ. ಆದರೆ ಶನಿವಾರ ಬೆಳಿಗ್ಗೆ ಅಷ್ಟು ಬೇಗ ಬಂದಿಳಿಯುವ ಕಾರುಗಳು ಕುಶಾಲನಗರದಲ್ಲೇ ನಿಲ್ಲುವುದಿಲ್ಲವಲ್ಲ, ಬೆಟ್ಟ ಹತ್ತಿ ಮಡಿಕೇರಿಯ ರಾಜಾಸೀಟಿಗೆ ಹೊರಡುತ್ತವೆ. ಅಗಲವಾದ ಕೊಳವೆಗೆ ಕಿರಿದಾದ ನಲ್ಲಿ ಜೋಡಿಸಿದಂತೆ. ಆಮೇಲೆ ಮೇಲಿನ ರಸ್ತೆಯನ್ನೂ ಅಗಲಿಸಿ ಎಂಬ ಕೂಗು ಏಳುತ್ತದೆ. ಅಗಲಿಸುವುದೆಂದರೆ ಬರೆಯನ್ನು ಇನ್ನಷ್ಟು ಎತ್ತರಕ್ಕೆ ಕಡಿಯುವುದು.

ಕಾರುಗಳ ಜೊತೆ ನೀರನ್ನೂ ಎಣಿಸೋಣ. ಏಳು ಮೀಟರ್ ಅಗಲದ ರಸ್ತೆಯ ಒಂದು ಕಿಲೋಮೀಟರಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಏಳು ಲಕ್ಷ ಲೀಟರ್. ಹನ್ನೆರಡು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಐವತ್ತೆಂಟು ಲೋಡು. ಮಳೆಗಾಲದ ಜೋರಿನಲ್ಲಿ ಮಡಿಕೇರಿಗೆ ಇದು ಒಂದು ದಿನದ ಮಳೆ. ಮೇಲಿನ ತೋಟದಿಂದ ಇಳಿದು ಬರುವುದು ಬೇರೆ. ಬೆಟ್ಟದ ಮೈಮೇಲೆ ಹರಡಿಕೊಂಡು ಇಳಿಯುತ್ತಿದ್ದ ಈ ನೀರನ್ನು ರಸ್ತೆ ಅಡ್ಡಗಟ್ಟಿ, ಚರಂಡಿಯಲ್ಲಿ ಕೂಡಿಸಿ, ಮೋರಿಯ ಬಾಯಿಂದ ಒಂದೇ ಕಡೆಗೆ ಸುರಿಯುತ್ತದೆ. ಮೋರಿಯ ಆಚೆ ತೋಡಿನವರೆಗೆ ಕಲ್ಲು ಕಟ್ಟದಿದ್ದರೆ ಕೆಳಗಿನವರ ತೋಟದಲ್ಲಿ ಹೊಸ ಕೊರಕಲು ಹುಟ್ಟುತ್ತದೆ. ನಕ್ಷೆಯಲ್ಲಿ ರಸ್ತೆಯ ಗೆರೆ ಅಲ್ಲಿಗೆ ಮುಗಿದಿರುತ್ತದೆ, ನೀರಿನ ಗೆರೆ ಮುಗಿದಿರುವುದಿಲ್ಲ.

ಹೊಳೆ ದಾಟುವಾಗಲೂ ಇದೇ ಕಥೆ. ತಗ್ಗಿನಲ್ಲಿ ಮಣ್ಣು ತುಂಬಿ ರಸ್ತೆ ಏರಿಸಿ, ನಡುವೆ ಚಿಕ್ಕದೊಂದು ಸೇತುವೆ ಇಡುವುದು ಅಗ್ಗ. ಆದರೆ ಆ ಮಣ್ಣಿನ ಏರಿ ಗದ್ದೆಯ ಬದುವಿನಂತೆ, ಮೇಲಿನ ಬದಿಯಲ್ಲಿ ನೀರು ನಿಲ್ಲಿಸುತ್ತದೆ. ಇಕ್ಕಟ್ಟಿನಲ್ಲಿ ನುಗ್ಗುವ ನೀರಿಗೆ ವೇಗ ಹೆಚ್ಚಿ, ಕಂಬದ ಬುಡದ ಮರಳನ್ನು ಕೊರೆಯುತ್ತದೆ. ಜಗತ್ತಿನಲ್ಲಿ ಸೇತುವೆಗಳು ಬೀಳುವುದಕ್ಕೆ ಮುಖ್ಯ ಕಾರಣಗಳಲ್ಲಿ ಈ ಕೊರೆತವೂ ಒಂದು. ಕಾವೇರಿ, ಕನ್ನಿಕೆ ಕೂಡುವ ಭಾಗಮಂಡಲದಲ್ಲಿ ಮಳೆಗಾಲದಲ್ಲಿ ರಸ್ತೆ ಮುಳುಗಿ ಸಂಪರ್ಕ ಕಡಿಯುವುದು ವಾಡಿಕೆಯಾಗಿತ್ತು. ಈಗ ಅಲ್ಲಿ ಕಂಬಗಳ ಮೇಲೆ ಮೇಲ್ಸೇತುವೆ ಎದ್ದಿದೆ. ಅಷ್ಟು ಚಿಕ್ಕ ಊರಿಗೆ ಮೇಲ್ಸೇತುವೆಯೇ ಎಂದು ಹುಬ್ಬೇರಿಸಿದವರಿದ್ದರು. ನನಗೆ ಅದು ಸರಿಯೆನಿಸುತ್ತದೆ, ಹೊಳೆಗೆ ಅದರ ಜಾಗ ಬಿಟ್ಟಿದೆ.

ಸೇತುವೆ ಎಷ್ಟು ಎತ್ತರವಿರಬೇಕು? ‘ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ’ ಎಂಬ ಮಾತು ಎಂಜಿನಿಯರುಗಳ ಬಾಯಲ್ಲಿ ಬರುತ್ತದೆ. ಒಮ್ಮೆ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದು ಅರ್ಥವಲ್ಲ. ಪ್ರತಿ ವರ್ಷವೂ ನೂರಕ್ಕೆ ಒಂದರಷ್ಟು ಸಾಧ್ಯತೆ. ಐವತ್ತು ವರ್ಷದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ನೂರಕ್ಕೆ ಸುಮಾರು 39. ಕುಶಾಲನಗರದ ಹೊಳೆಬದಿಯ ಬಡಾವಣೆಗಳಲ್ಲಿ 2018ರಲ್ಲಿ ನೀರು ನುಗ್ಗಿತು, 2019ರಲ್ಲಿ ಮತ್ತೆ ನುಗ್ಗಿತು. ಆ ನೂರಕ್ಕೆ ಒಂದರ ಲೆಕ್ಕವೂ ಹಳೆಯ ಮಳೆಯ ದಾಖಲೆ ಮುಂದೆಯೂ ಹಾಗೆಯೇ ಇರುತ್ತದೆ ಎಂದು ನಂಬಿ ಹಾಕಿದ್ದು.

ಇನ್ನು ತಡೆಗೋಡೆ. ಅದರ ಮೈಯಲ್ಲಿ ಸಾಲಾಗಿ ಸಣ್ಣ ಕೊಳವೆಗಳು ಮೂತಿ ಚಾಚಿರುತ್ತವೆ, ಹಿಂದಿನ ನೀರು ಸೋರಿಹೋಗಲೆಂದು. ಜಡಿಮಳೆಯಲ್ಲಿ ತಿಳಿನೀರು ಸೋರುತ್ತಿದ್ದರೆ ಒಳ್ಳೆಯದು. ಕೆಂಪು ನೀರು ಬಂದರೆ ಹಿಂದಿನ ಮಣ್ಣು ತೊಳೆದುಹೋಗುತ್ತಿದೆ. ಏನೂ ಬಾರದಿದ್ದರೆ ಕೊಳವೆ ಕಟ್ಟಿರಬಹುದು, ಆಗ ಗೋಡೆ ಅಣೆಕಟ್ಟಾಗುತ್ತದೆ. ಕಳೆದ ಮಳೆಗಾಲದಲ್ಲಿ ನಮ್ಮ ದಾರಿಯ ಗೋಡೆಯೊಂದರ ಮುಂದೆ ಕೊಡೆ ಹಿಡಿದು ನಿಂತು ಎಣಿಸಿದೆ. ಹನ್ನೆರಡು ಕೊಳವೆಗಳಲ್ಲಿ ಮೂರು ಸೋರುತ್ತಿದ್ದವು. ಒಂದರ ಬಾಯಲ್ಲಿ ಯಾರೋ ಗುಟ್ಕಾ ಪೊಟ್ಟಣ ತುರುಕಿದ್ದರು. ಕಡ್ಡಿಯಿಂದ ಕಿತ್ತಾಗ ಅರ್ಧ ನಿಮಿಷ ಕೆಂಪು ನೀರು ಚಿಮ್ಮಿತು, ಆಮೇಲೆ ತಿಳಿಯಾಯಿತು.